ಡೊಂಬಿವಲಿ ಪಾರ್ಕಿಂಗಿನ ಊರಿನವರು

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಹೊತ್ತು ಮೀರಿದ ಗಾಡಿಗಳಿಗೆ ದಂಡ ಹಾಕುವವರೊಬ್ಬರಿದ್ದರು. ಯಾರು ಜಗಳಕ್ಕೆ ಬಂದರೂ ಕಿವಿಯ ಮೇಲಿನ ಪೆನ್ನು ತೆಗೆದು, ಗಡಿಯಾರ ನನ್ನ ಮಾತು ಕೇಳುವುದಿಲ್ಲ ಎಂದು ಮರಾಠಿಯಲ್ಲಿ ನಗುತ್ತಲೇ ಹೇಳುತ್ತಿದ್ದರು.

ಒಂದು ಸಂಜೆ ನಾನು ಓಡಿ ಬಂದಾಗ ನನ್ನ ಸ್ಕೂಟರಿನ ಹೊತ್ತು ಮುಗಿಯಲು ಇನ್ನೂ ಐದು ನಿಮಿಷ ಉಳಿದಿತ್ತು. ಮೊಬೈಲಿನಲ್ಲಿ ನಾನಾಡಿದ ಕನ್ನಡ ಅವರ ಕಿವಿಗೆ ಬಿತ್ತು.

"ಯಾವ ಊರು ಮಾರಾಯ್ರೆ?"

"ಕುಂದಾಪುರ."

"ನನ್ನ ಹೆಂಡ್ತಿ ಊರದು. ಕೂತ್ಕೊಳ್ಳಿ."

ಚಹಾ ತರಿಸಿದರು. ನನ್ನ ಅಜ್ಜನ ಮನೆಯವರೆಗೂ ವಿಚಾರಿಸಿದರು. ಕೊನೆಗೆ ನಾನು ಸ್ಕೂಟರಿನ ಕೀಲಿ ತಿರುಗಿಸಿದಾಗ ಪೆನ್ನು ಕಿವಿಯಿಂದ ಇಳಿಯಿತು.

"ಎಂತ ಮಾಡುದು, ಗಡಿಯಾರ ನನ್ನ ಮಾತು ಕೇಳುದಿಲ್ಲ. ಹತ್ತು ನಿಮಿಷ ಮೀರಿತಲ್ಲ."

ದಂಡದ ರಶೀದಿ ಕೊಟ್ಟರು. ನಾನು ಕೊಡಹೋದ ಚಹಾದ ದುಡ್ಡು ಮಾತ್ರ ಮುಟ್ಟಲಿಲ್ಲ.

ಮರುದಿನದಿಂದ ಸ್ಕೂಟರು ಗೇಟು ದಾಟುವ ತನಕ ನಾನು ಕನ್ನಡದಲ್ಲಿ ಒಂದಕ್ಷರ ಆಡುತ್ತಿರಲಿಲ್ಲ.