ತೊಂಬತ್ತೆರಡು ಎಂದು ಬರೆದ ಚೀಟಿ

ನಮ್ಮ ಸೋದರತ್ತೆಗೆ ಊರವರು ಇಟ್ಟ ಹೆಸರು ಮೊಳಕೆಮ್ಮ. ಸಹಕಾರ ಸಂಘದ ಬೀಜದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಅವಳದು ಒಂದೇ ಕೆಲಸ. ಬಂದ ಮೂಟೆಗಳಿಂದ ಹಿಡಿ ಹಿಡಿ ಬೀಜ ತೆಗೆದು ಬೆರೆಸಿ, ಅದರಲ್ಲಿ ನೂರು ಎಣಿಸಿ, ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಸುರುಳಿ ಸುತ್ತಿಡುವುದು. ಏಳನೆಯ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ಕೈಗೆ ಸಿಕ್ಕಿದ ಬೀಜವನ್ನೇ ಇಡಬೇಕು, ಆರಿಸುವಂತಿಲ್ಲ. "ಚೆನ್ನಾಗಿರೋದನ್ನೇ ಆರಿಸಿಟ್ರೆ ಅದು ಪರೀಕ್ಷೆ ಅಲ್ಲ, ಮುಖಸ್ತುತಿ" ಎನ್ನುತ್ತಿದ್ದಳು. ತೊಂಬತ್ತು ದಾಟಿತು ಎಂದು ಅವಳು ಹೇಳಿದರೆ ರೈತರು ಮರುಮಾತಾಡದೆ ಬಿತ್ತುತ್ತಿದ್ದರು. ಆ ಮಾತೊಂದೇ ಅವಳ ಆಸ್ತಿ.

ಆಮೇಲೆ ನಮ್ಮದೂ ಸೇರಿ ಅಕ್ಕಪಕ್ಕದ ಐದು ದೇಶಗಳು ಒಪ್ಪಂದ ಮಾಡಿಕೊಂಡವು. ಒಂದು ದೇಶದಲ್ಲಿ ಪರೀಕ್ಷೆಯಾದ ಬೀಜವನ್ನು ಇನ್ನೊಂದರಲ್ಲಿ ಮತ್ತೆ ಪರೀಕ್ಷಿಸಬೇಕಿಲ್ಲ. ಗಡಿಯಲ್ಲಿ ತಿಂಗಳುಗಟ್ಟಲೆ ಮುಗ್ಗುತ್ತಿದ್ದ ಮೆಕ್ಕೆಜೋಳದ ಬೀಜ ಮಳೆಗೆ ಮುಂಚೆಯೇ ಕೈಗೆ ಸಿಗತೊಡಗಿತು. ಸುಳ್ಳು ಹೇಳಬಾರದು, ಎಕರೆಗೆ ಎಂಟು ಮೂಟೆ ಬರುತ್ತಿದ್ದ ಕಡೆ ಹದಿನೈದು ಬಂತು.

ಒಪ್ಪಂದದ ತರಬೇತಿಯಲ್ಲಿ ಎರಡು ವಾರ ಒಂದೇ ಕೋಣೆಯಲ್ಲಿದ್ದ ಹೆಂಗಸು ಅತ್ತೆಯ ಗೆಳತಿಯಾದಳು. ಗಡಿಯಾಚೆ ಇದೇ ಕೆಲಸ ಮಾಡುವವಳು. ಆ ಕಡೆಯಿಂದ ಬರುವ ಮೂಟೆಗಳ ಚೀಟಿಯ ಮೇಲೆ ಅವಳದೇ ಲೆಕ್ಕ, ಅವಳದೇ ರುಜು. ಪ್ರತಿ ಮಂಗಳವಾರ ಇಬ್ಬರಿಗೂ ಫೋನು. ನಿಯಮ ಬೇಡವೆಂದರೂ ಅತ್ತೆ ಗೆಳತಿಯ ಬೀಜವನ್ನು ಅಡುಗೆಮನೆಯಲ್ಲಿ ನೂರು ಎಣಿಸಿ ಒದ್ದೆ ಬಟ್ಟೆಗೆ ಹಾಕಿ ನೋಡುತ್ತಿದ್ದಳು. ಅದನ್ನು ಮುಚ್ಚಿಡಲೂ ಇಲ್ಲ.

"ನನ್ನ ಕೈ ಸುಮ್ನಿರಲ್ಲ ಕಣೇ."

"ಹಾಕಕ್ಕಾ, ಹಾಕು. ನನ್ನ ತಪ್ಪು ಹಿಡಿಯೋಕೆ ನೀನಾದ್ರೂ ಇರು" ಎಂದು ಅವಳು ನಗುತ್ತಿದ್ದಳು.

ಮೂರು ವರ್ಷ ಇಬ್ಬರ ಲೆಕ್ಕದಲ್ಲಿ ಒಂದೆರಡಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ನಾಲ್ಕನೆಯ ವರ್ಷ ಅತ್ತೆ ನಿಲ್ಲಿಸಿದಳು. ಒಡಹುಟ್ಟಿದವಳಂಥವಳನ್ನು ಇನ್ನೆಷ್ಟು ಅನುಮಾನಿಸುವುದು ಎಂದು ಅಮ್ಮನ ಹತ್ತಿರ ಅಂದಳು. ಗೆಳತಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಉಪಕಾರ ಮಾಡಿದ ಹಾಗಾಗುತ್ತದಂತೆ! ನಮ್ಮತ್ತೆಯ ದೊಡ್ಡತನ ಯಾವಾಗಲೂ ಹೀಗೆ, ಬೇಡದ ಕಡೆ ಬರುತ್ತಿತ್ತು.

ಐದನೆಯ ವರ್ಷ ಬಂದ ಚೀಟಿಯಲ್ಲಿ ತೊಂಬತ್ತೆರಡು ಎಂದಿತ್ತು. "ತೊಂಬತ್ತೆರಡು, ಬಿತ್ತಿ" ಎಂದಳು ಅತ್ತೆ. ನಲವತ್ತು ಮನೆಯವರು ಬಿತ್ತಿದರು. ಅವಳ ಸ್ವಂತ ತಮ್ಮ, ನಮ್ಮಪ್ಪ, ಮೂರೆಕರೆ ಬಿತ್ತಿದ. ಹತ್ತು ದಿನ ಕಳೆದರೂ ಅಲ್ಲೊಂದು ಇಲ್ಲೊಂದು ಪೈರು, ಉಳಿದದ್ದೆಲ್ಲ ಬರೀ ಮಣ್ಣು. ಅಧಿಕಾರಿಗಳು ಬಂದು, ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು, ಬೀಜ ಮೊಳೆತಿಲ್ಲ ಎಂದು ಬರೆದುಕೊಂಡು ಹೋದರು.

ಅತ್ತೆ ನಮ್ಮ ಮನೆಯಿಂದಲೇ ಗೆಳತಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಹೊಸ ಬೀಜ ನಮ್ಮವರಿಗೇ ಇರ್ಲಿ, ಹಳೇದನ್ನ ಅತ್ತ ಕಳಿಸು ಅಂದ್ರು ಅಕ್ಕಾ ಮೇಲಿನವರು" ಎಂದಳು ಅವಳು. "ಎದುರು ನಿಂತುಕೊಂಡೇ ಬರೆಸಿದ್ರು. ನೀನು ಮನೇಲಿ ಹಾಕೇ ಹಾಕ್ತೀಯಲ್ಲ, ಗೊತ್ತಾಗುತ್ತೆ, ವಾಪಸ್ ಕಳಿಸ್ತೀಯ ಅಂದ್ಕೊಂಡೆ."

"ನಿಜವಾಗಿ ಎಷ್ಟು ಬಂದಿತ್ತು?"

"ಮೂವತ್ತೊಂದು."

ಅತ್ತೆ ಕಣ್ಣು ಮುಚ್ಚಿಕೊಂಡಳು. "ಬೀಜ ಕಳಿಸಿದ ಮಂಗಳವಾರ ಅರ್ಧ ಗಂಟೆ ನಿನ್ನ ಸೊಸೆ ಪುರಾಣ ಹೇಳಿದ್ಯಲ್ಲೇ. ಮೂವತ್ತೊಂದು ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು?"

ಆ ಕಡೆಯಿಂದ ಅಳು ಕೇಳಿಸಿತು. ನನಗೆ ಮೈಯೆಲ್ಲ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಅತ್ತು ಏನು ಪ್ರಯೋಜನ? ಅತ್ತೆ ಬೈಯಲಿಲ್ಲ, ಫೋನು ಇಟ್ಟಳು.

ಸಂಘದ ಸಭೆಗೆ ಮುಂಚೆ ಕಾರ್ಯದರ್ಶಿ ಅವಳ ಕಿವಿಯಲ್ಲಿ, "ತಪ್ಪೆಲ್ಲ ಆಚೆಯವರದು ಅಂತ ಹೇಳಿಬಿಡಿ. ನಿಯಮ ನಿಮ್ಮ ಕಡೆ ಇದೆ" ಎಂದ. ಅದು ಸುಳ್ಳೂ ಅಲ್ಲ. ಆದರೆ ಮುಂದಿನ ಸಾಲಿನಲ್ಲಿದ್ದ ಮುದುಕ ರೈತನೊಬ್ಬ ಕೇಳಿದ್ದೇ ಬೇರೆ.

"ಮೊಳಕೆಮ್ಮಾ, ನೀನು ನೋಡಿದ್ಯಲ್ಲ? ನಿನ್ನ ಕಣ್ಣಿಗೂ ತೊಂಬತ್ತೆರಡು ಬಂತಾ?"

"ಇಲ್ಲ. ಚೀಟಿ ಓದಿ ಹೇಳ್ದೆ. ನಾನು ನೋಡ್ಲಿಲ್ಲ."

ಯಾರಾದರೂ ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಯಾರೂ ಕೂಗಲಿಲ್ಲ. ಅಪ್ಪ ಅವಳನ್ನೊಮ್ಮೆ ನೋಡಿ ಎದ್ದು ಹೊರಟ. ಅವನ ಹಿಂದೆ ಉಳಿದವರೂ ಎದ್ದರು.

ಮಳೆ ಇನ್ನೂ ಮುಗಿದಿರಲಿಲ್ಲ. ಅಪ್ಪ ಪೇಟೆಯಿಂದ ಬೇರೆ ಬೀಜ ತಂದ. ಮತ್ತೆ ಬಿತ್ತುವ ದಿನ ಬೆಳಿಗ್ಗೆ ಅತ್ತೆ ಅಂಗಳಕ್ಕೆ ಬಂದು, ಎಂದಿನಂತೆ ಮೂಟೆಯೊಳಗೆ ಕೈ ಹಾಕಲು ಬಗ್ಗಿದಳು. ಅಪ್ಪ ಮೂಟೆಯ ಬಾಯಿಯನ್ನು ಹಿಡಿದು ಮುಚ್ಚಿದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಬೇಡಕ್ಕಾ. ನಾನೇ ನೂರು ಹಾಕಿ ನೋಡಿದೀನಿ."

"ಎಷ್ಟು ಬಂತೋ?" ಎಂದಳು ಅತ್ತೆ.

ಅಪ್ಪ ಮೂಟೆ ಹೆಗಲಿಗೇರಿಸಿಕೊಂಡು ಹೊಲದ ಕಡೆ ನಡೆದ. ಎಷ್ಟೆಂದು ಅವಳಿಗೆ ಹೇಳಲಿಲ್ಲ.