ನನಗೆ ಯಾವ ಬೇನೆಯೂ ಇಲ್ಲ

ನಮ್ಮ ಬಳಗದಲ್ಲಿ ನಾನು ಹೆಸರು ಮಾಡಿದ್ದು ಹೋಳಿಗೆಯಿಂದ. ತಿಕೋಟಾದಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿಗಳ ಕೈಕೆಳಗೆ ದುಡಿಯಲು ನಿಂತವನು ನಾನು. ಈಗ ವಿಜಯಪುರದ ಅಥಣಿ ರಸ್ತೆಯ ಹೊಸ ಮನೆಗಳಲ್ಲಿ ಟೈಲ್ಸ್ ಕೂಡಿಸುತ್ತೇನೆ. ನಾನು ಕೂಡಿಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಆದರೆ ಬೀಗರ ಮನೆಯಲ್ಲಿ ಯಾರೂ ನೆಲ ನೋಡುವುದಿಲ್ಲ, ತಾಟು ನೋಡುತ್ತಾರೆ. ಮದುವೆಯಾದ ಮೇಲೆ ಎರಡೂ ಕಡೆಯವರು ಕೂಡಿ ಉಣ್ಣುವಾಗ, ಅವರ ಕಡೆಯಿಂದ ಒಬ್ಬ ಇವರ ಕಡೆಯಿಂದ ಒಬ್ಬ ಎದುರುಬದುರು ಕುಳಿತು ಹೋಳಿಗೆ ಪಂದ್ಯ ಹೂಡುವುದು ನಮ್ಮವರ ರೂಢಿ. ನಮ್ಮ ಕಡೆಯಿಂದ ಕೂಡುವವನು ಯಾವಾಗಲೂ ನಾನೇ. ಹದಿನೆಂಟು ಹೋಳಿಗೆ, ಮೇಲೆ ಒಂದು ಬಟ್ಟಲು ತುಪ್ಪ. ನನ್ನನ್ನು ಸೋಲಿಸಿ ಎಬ್ಬಿಸಿದವರು ಇರಲಿಲ್ಲ.

ಇದಕ್ಕೆ ಎಲ್ಲರಿಗಿಂತ ಹೆಚ್ಚು ಹೆಮ್ಮೆಪಟ್ಟವಳು ನನ್ನ ಅಕ್ಕ. ಅವ್ವ ತೀರಿದ ಮೇಲೆ ನನಗೆ ಉಣಿಸಿ ಬೆಳೆಸಿದವಳು ಅವಳು. ಬಬಲೇಶ್ವರಕ್ಕೆ ಮದುವೆಯಾಗಿ ಹೋದ ಮೇಲೂ ನನ್ನ ತಾಟಿನ ಮೇಲಿನ ಕಣ್ಣು ಅವಳು ತೆಗೆದಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮನೆಯ ಮೂರನೇ ಮಹಡಿಗೆ ಟೈಲ್ಸ್ ಡಬ್ಬಿ ಹೊತ್ತೊಯ್ಯುವಾಗ ಮೆಟ್ಟಿಲ ಅರ್ಧಕ್ಕೇ ಕುಳಿತುಬಿಟ್ಟೆ. ಉಸಿರೇ ಸಿಗಲೊಲ್ಲದು. ಮನೆಯೊಡತಿ ಮೇಲಿನಿಂದ ಬಗ್ಗಿ ನೋಡಿ ಗಂಡನಿಗೆ, “ಈ ಮಿಸ್ತ್ರಿಗೆ ವಯಸ್ಸಾತು ನೋಡ್ರಿ. ಬ್ಯಾರೆ ಯಾರನ್ನರ ಹಚ್ರಿ” ಎಂದಳು. ನಲವತ್ತೊಂದಕ್ಕೆ ವಯಸ್ಸು! ಆ ದಿನ ಉಳಿದ ಡಬ್ಬಿಗಳನ್ನೆಲ್ಲ ನಾನೇ ಹೊತ್ತೆ, ನಿಂತು ನಿಂತು ಹೊತ್ತೆ. ಮರುದಿನ ಬೆಳಿಗ್ಗೆ ಪಕ್ಕದ ಕಟ್ಟಡದ ಮಾಳಿಗೆಯ ಮೇಲೆ ನಡೆಯುತ್ತಿದ್ದ ಕರಾಟೆ ಕ್ಲಾಸಿಗೆ ಹೋಗಿ ನಿಂತೆ.

ಕಲಿಸುವ ಸರ್ ನನಗಿಂತ ಹತ್ತು ವರ್ಷ ಚಿಕ್ಕವನು, ಹಗಲು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ.

“ಮಗನ ಹೆಸರು ಹಚ್ಚಾಕ ಬಂದೀರೇನ್ರಿ ಅಣ್ಣಾರ?” ಎಂದು ಕೇಳಿದ.

“ನಂದ ಹೆಸರು ಬರ್ಕೋರಿ.”

ಅವನು ನಗಲಿಲ್ಲ. ಅದಕ್ಕೇ ನಿಂತೆ. ನಕ್ಕವಳು ಮನೆಯಲ್ಲಿ ನನ್ನ ಹೆಂಡತಿ. “ಬಿಳಿ ಅಂಗಿ ಹಾಕ್ಕೊಂಡು ಹೂಂ ಹಾಂ ಅಂತ ಒದರಾಕ ಹೊಂಟೀರಿ. ಓಣ್ಯಾಗ ನಾ ಮಾರಿ ಎಲ್ಲಿ ಇಟ್ಕೊಳ್ಳಿ?” ಎಂದಳು.

ಮೊಣಕಾಲು ಮಡಚಿ, ಕುದುರೆ ಮೇಲೆ ಕುಳಿತಂತೆ ನಿಲ್ಲುವುದು ಕ್ಲಾಸಿನ ಮೊದಲ ಪಾಠ. ಕಾಲೇಜು ಹುಡುಗರ ತೊಡೆಗಳು ಎರಡು ನಿಮಿಷಕ್ಕೆ ನಡುಗುತ್ತಿದ್ದವು, ನನ್ನವು ಅಲುಗಲಿಲ್ಲ. ಇಪ್ಪತ್ತೈದು ವರ್ಷ ಕುಕ್ಕರಗಾಲಲ್ಲಿ ಕುಳಿತು ಹಿಂದೆ ಹಿಂದೆ ಸರಿಯುತ್ತ ನೆಲ ಕಟ್ಟಿದವನ ಕಾಲು ಅವು. ಆದರೆ ಒದೆಯಲು ಹೇಳಿದಾಗ ನನ್ನ ಬಣ್ಣ ಬಯಲಾಯಿತು.

“ಅಣ್ಣಾರ, ಹೊಟ್ಟಿ ಮೊದಲ ಬರಾಕತ್ತೈತಿ, ಕಾಲು ಆಮ್ಯಾಲ ಬರಾಕತ್ತೈತಿ” ಎಂದ ಸರ್. “ಒಂದ್ ವಾರ ಏನೇನ್ ತಿಂತೀರಿ, ಬರ್ಕೊಂಡ್ ಬರ್ರಿ.”

ಬರೆದೆ. ನನ್ನ ಅಕ್ಷರ ವಕ್ರ, ಆದರೆ ಸುಳ್ಳು ಬರೆಯಲಿಲ್ಲ. ದಿನಕ್ಕೆ ಎಂಟೊಂಬತ್ತು ಚಹಾ. ಕೆಲಸದ ಮನೆಯವರು ಕೊಡುವುದು ಬೇರೆ, ಅಂಗಡಿಯದು ಬೇರೆ. ನಡುವೆ ಮಿರ್ಚಿ ಭಜಿ, ಚುರಮುರಿ, ಬಿಸ್ಕೀಟು. ರಾತ್ರಿ ಐದು ರೊಟ್ಟಿ, ಅದರ ಮೇಲೆ ತಾಟು ಅನ್ನ. ಆ ಹಾಳೆ ಕೊಡುವಾಗ ನನಗೇ ನಾಚಿಕೆಯಾಯಿತು. ಸರ್ ಓದಿದ, ಮಡಚಿ ನನ್ನ ಕಿಸೆಗೇ ಇಟ್ಟ. “ನಾ ಏನೂ ಹೇಳಂಗಿಲ್ರಿ. ನೀವ ಓದ್ಕೋರಿ.”

ಓದಿಕೊಂಡೆ. ಸಕ್ಕರೆ ಚಹಾ ಬಿಟ್ಟೆ, ಭಜಿ ಬಿಟ್ಟೆ. ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಮೊಳಕೆ ಬಂದ ಹೆಸರು, ಹಸಿ ಮೆಂತ್ಯೆ ಸೊಪ್ಪು, ಸವತಿಕಾಯಿ, ಎರಡು ತತ್ತಿ. ಹೊಸದೇನೂ ಅಲ್ಲ, ಹೊಲಕ್ಕೆ ಹೋಗುವವರು ಉಣ್ಣುವುದೇ. ರವಿವಾರ ಭೂತನಾಳ ಕೆರೆಯ ಕಡೆ ಓಡುತ್ತಿದ್ದೆ. ಮೊದಮೊದಲು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಒಂದು ಸಲ ಮದುವೆಯೊಂದರಲ್ಲಿ ‘ಒಂದೇ ದಿನ’ ಎಂದು ಪಂದ್ಯಕ್ಕೆ ಕುಳಿತೆ. ಆ ಒಂದು ದಿನ ಒಂದು ತಿಂಗಳಾಯಿತು. ಮತ್ತೆ ಆ ಮಾಳಿಗೆಯ ಮೆಟ್ಟಿಲು ಹತ್ತುವಾಗ ಆದ ಅವಮಾನ ನನಗೊಬ್ಬನಿಗೇ ಗೊತ್ತು. ಇನ್ನು ಮುಂದೆ ಪಂದ್ಯಕ್ಕೆ ಕೂಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ತೊಂಬತ್ತಾರು ಕಿಲೋ ಇದ್ದವನು ಎಪ್ಪತ್ತೊಂಬತ್ತಕ್ಕೆ ಬಂದೆ. ಹಸಿರು ಬೆಲ್ಟು ಕಟ್ಟಿದೆ. ನಮ್ಮ ಕಡೆ ತೆಳ್ಳಗಾದವನನ್ನು ಯಾರೂ ಹೊಗಳುವುದಿಲ್ಲ, “ಯಾಕ, ಆರಾಮಿಲ್ಲೇನು?” ಎಂದೇ ಕೇಳುತ್ತಾರೆ. ಸಿಕ್ಕಸಿಕ್ಕವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿತ್ತು.

ಹೀಗಿರುವಾಗ ಅಕ್ಕನ ಮಗಳ ಮದುವೆ ಕಳ್ಳಕವಟಗಿಯ ಮನೆತನಕ್ಕೆ ಗೊತ್ತಾಯಿತು. ಪಂದ್ಯಕ್ಕೆ ಕೂಡುವುದಿಲ್ಲ ಎಂದು ವಾರ ಮೊದಲೇ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ಒಂದ ದಿನ ಉಂಡ್ರ ನಿನ್ನ ಕರಾಟಿ ಏನ್ ಕರಗಿ ಹೋಗತೈತೇನೋ?”

“ಹೋಗತೈತಿ.”

“ನನ್ನ ಮಾರಿ ನೋಡಿ ಕುಂಡ್ರೋ ಯಪ್ಪಾ. ನಿನ್ನ ಸಲುವಾಗಿ ಬೀಗರ ಮುಂದ ಏನೇನ್ ಹೇಳೇನಿ ಅಂತ ನಿನಗೇನ್ ಗೊತ್ತು!”

“ಹೇಳಾಕಿಂತ ಮೊದಲ ನನ್ನ ಕೇಳಬೇಕಿತ್ತು” ಎಂದು ಫೋನ್ ಇಟ್ಟೆ.

ಲಗ್ನದ ಮರುದಿನ ಅಕ್ಕನ ಮನೆಯ ಅಂಗಳದಲ್ಲಿ ಪೆಂಡಾಲು ಹಾಕಿ ಬೀಗರನ್ನು ಊಟಕ್ಕೆ ಕೂಡಿಸಿದರು. ಹುಡುಗನ ಕಾಕಾ ಎದುರಿನ ಸಾಲಿನಲ್ಲಿ ಧೋತರದ ಗಂಟು ಸಡಿಲಿಸಿ ಕುಳಿತಿದ್ದರು. ದೊಡ್ಡ ದೇಹ, ಬಾಯಿ ತುಂಬ ನಗೆ. “ಎಲ್ಲಿ ಅದಾನ್ರಿ ನಿಮ್ಮ ಹೋಳಿಗಿ ಪೈಲ್ವಾನ? ಅಂಜಿ ಊರು ಬಿಟ್ಟನೇನು?” ಎಂದರು. ಸಾಲಿಗೆ ಸಾಲೇ ನಕ್ಕಿತು.

ನನ್ನ ಹೆಂಡತಿ ಹಿಂದಿನಿಂದ ಬಂದು ಕಿವಿಯಲ್ಲಿ, “ಶುಗರ್ ಐತಿ ಅಂದ್ಬಿಡ್ರಿ, ಮುಗೀತು” ಎಂದಳು. ಹೌದು, ಮುಗಿಯುತ್ತಿತ್ತು. ಸಕ್ಕರೆ ಬೇನೆ ಇದ್ದವನಿಗೆ ನಮ್ಮವರು ಬಲವಂತ ಮಾಡುವುದಿಲ್ಲ, ಅವನ ತಾಟಿಗೆ ತಾವೇ ಕೈ ಅಡ್ಡ ಹಿಡಿಯುತ್ತಾರೆ. ಗಟ್ಟಿಮುಟ್ಟಾಗಿರುವವನು ಬೇಡ ಎಂದರೆ ಮಾತ್ರ ಅದು ಸೊಕ್ಕು.

ನಾನು ಬಾಯಿ ತೆರೆಯುವ ಮೊದಲೇ, ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದ ಅಕ್ಕ ಕೂಗಿ ಹೇಳಿದಳು: “ಅವಗ ಸಕ್ಕರಿ ಬ್ಯಾನಿ ಬಂದೈತ್ರಿ. ಹೆಂಗ ಸೊರಗ್ಯಾನ ನೋಡ್ರಲ್ಲ. ಇಲ್ಲಂದ್ರ ಬಿಡಾವಲ್ಲ ನನ್ನ ತಮ್ಮ.”

ನಗೆ ನಿಂತಿತು. ಇಡೀ ಪೆಂಡಾಲು ನನ್ನನ್ನು ಮರುಕದಿಂದ ನೋಡಿತು. ಕಾಕಾ ಅವರ ಧ್ವನಿಯೇ ಬದಲಾಯಿತು. “ಅಯ್ಯ, ಪಾಪ. ಹಾಗಲಕಾಯಿ ರಸ ಕುಡೀರಿ ತಮ್ಮಾ. ನಮ್ಮ ಮಾವ ಅದರಾಗ ಆರು ವರ್ಷ ದಬ್ಬ್ಯಾರ.”

ಒಂದೂವರೆ ವರ್ಷ ಕೋಳಿ ಕೂಗುವ ಮೊದಲೇ ಎದ್ದು ಹೊರಟವನು ನಾನು. ಬೇನೆ ಬಂದವರನ್ನು ನಾನು ಹೀಗಳೆಯುವುದಿಲ್ಲ, ಅದು ಅವರು ಬೇಡಿ ತಂದದ್ದಲ್ಲ. ಆದರೆ ಬೆವರು ಸುರಿಸಿ ಗಳಿಸಿದ ಮೈಯನ್ನು, ಒಂದು ಊಟ ತಪ್ಪಿಸಿಕೊಳ್ಳಲು, ರೋಗದ ಹೆಸರಿಗೆ ಬರೆದುಕೊಡಲೇ? ನಾನು ಎದ್ದು ನಿಂತೆ.

“ನನಗ ಯಾವ ಬ್ಯಾನಿನೂ ಇಲ್ರಿ ಕಾಕಾರ. ಹೋದ ತಿಂಗಳ ರಕ್ತ ತಪಾಸಣಿ ಮಾಡ್ಸೇನಿ. ಆರಾಮ ಅದೇನಿ, ಆದ್ರ ಪಂದ್ಯಕ್ಕ ಉಣ್ಣಂಗಿಲ್ಲ. ಒಂದು ಹೋಳಿಗಿ ನಿಮ್ಮ ಸಂಗಾಟ ಕುಂತು ಉಣ್ತೇನಿ. ಎರಡನೇದು ಬ್ಯಾಡ.”

ಕಾಕಾ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. “ಹಂಗಾರ ಒಂದ ಹಾಕ್ರಿ” ಎಂದರು, ನಗದೆ. ಅಕ್ಕ ಒಂದು ಹೋಳಿಗೆಯನ್ನು ನನ್ನ ತಾಟಿಗೆ ಒಗೆದಂತೆ ಹಾಕಿ ಮುಂದೆ ಹೋದಳು. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ. “ಬೀಗರ ಮುಂದ ನನ್ನ ಸುಳ್ಳಬುರುಕಿ ಮಾಡಿದಿ. ಇನ್ನ ಈ ಹೊಸ್ತಿಲ ತುಳೀಬ್ಯಾಡ” ಎಂದು ಒಳಗಿನಿಂದಲೇ ಹೇಳಿದಳು.

ಎರಡೂವರೆ ತಿಂಗಳು ಫೋನ್ ಇಲ್ಲ. ಹೆಂಡತಿ ದಿನಕ್ಕೊಮ್ಮೆ, “ಒಂದ ಮಾತು ತಪ್ಪಾತು ಅಂದ್ರ ಏನ್ ಸವೀತೀರಿ?” ಎನ್ನುತ್ತಿದ್ದಳು. ನಾನು ಕ್ಲಾಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಕ್ಕನ ನೆನಪಾಗಲಿಲ್ಲ ಎಂದಲ್ಲ. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಆಗುತ್ತಿತ್ತು.

ನಾಗರ ಪಂಚಮಿ ಬಂತು. ಪಂಚಮಿಗೆ ಅಕ್ಕ ತಂಗಿಯರನ್ನು ತವರಿಗೆ ಕರೆತರುವುದು ನಮ್ಮಂಥ ತಮ್ಮಂದಿರ ಕೆಲಸ. ಬಬಲೇಶ್ವರಕ್ಕೆ ಹೋದೆ, ಹೊಸ್ತಿಲನ್ನೂ ತುಳಿದೆ. ಅಕ್ಕ ತಾಟಿನ ತುಂಬ ಉಂಡಿ ತಂದು ಮುಂದಿಟ್ಟಳು: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಎದುರಿಗೇ ಕುಳಿತಳು. ನಾನು ಒಂದು ಶೇಂಗಾ ಉಂಡಿ ತಿಂದು ನೀರು ಕುಡಿದೆ.

“ಇನ್ನೊಂದು?”

“ಸಾಕು.”

“ಸಾಕಂದ್ರ?”

“ಸಾಕಂದ್ರ ಸಾಕು ಬೇ.”

“ನಿನ್ನ ತಾಟು ನೋಡಿದ್ರ ನನ್ನ ಕಳ್ಳು ಚುರ್ ಅಂತೈತಿ” ಎಂದು ಎದ್ದು ಒಳಗೆ ಹೋದಳು. ಬರುವುದಿಲ್ಲವೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸೀರೆ ಬದಲಿಸಿ, ಚೀಲ ಹಿಡಿದು ಬಂದಳು. ಗಾಡಿಯ ಹಿಂದೆ ಕುಳಿತು ಚೀಲ ತೊಡೆಯ ಮೇಲಿಟ್ಟುಕೊಂಡಳು.

“ಮೊದಲ ನೀ ಕುಂತ್ರ ನನಗ ಜಾಗಾನ ಇರ್ತಿರಲಿಲ್ಲ” ಎಂದಳು. ಊರು ದಾಟಿದ ಮೇಲೆ ಕೇಳಿದಳು: “ಮುಂದಿನ ವಾರ ಬೀಗರು ಬರ್ತಾರ. ಅವರ ಕಾಕಾ ನಿನ್ನ ಕೇಳಿದ್ರ ಏನ್ ಹೇಳ್ಲಿ?”

“ನನ್ನ ತಮ್ಮ ಆರಾಮ ಅದಾನ ಅಂತ ಹೇಳು.”

“ಅಷ್ಟ?”

“ಅಷ್ಟ.”

“ಹೇಳ್ತೇನಿ ಬಿಡು. ಆದ್ರ ತಪ್ಪಾತು ಅಂತ ನಾ ಅನ್ನಂಗಿಲ್ಲ.”

“ನಾನೂ ಅನ್ನಂಗಿಲ್ಲ” ಎಂದು ಗೇರು ಬದಲಿಸಿದೆ.