ಒಂದು ಕಲ್ಲು, ಎರಡು ಹೊತ್ತು

ಮಧ್ಯಾಹ್ನ ಮೂರೂ ಕಾಲು. ನೀಲಿಯಕ್ಕ ಮತ್ತು ಅವಳ ನಾದಿನಿ ಹೊಳೆದಂಡೆಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಯೊಂದರ ಎರಡು ತುದಿ ಹಿಡಿದು ಹಿಂಡುತ್ತಿದ್ದರು. ಒಗೆಯುವ ಹೊತ್ತು ನಾದಿನಿಯದು; ಆದರೆ ದೊಡ್ಡ ಬಟ್ಟೆಗೆ ನಾಲ್ಕು ಕೈ ಬೇಕು. ವರ್ಷಗಟ್ಟಲೆ ಬಿಳಿ ಬಟ್ಟೆಗೆ ನೀಲಿ ಹಾಕಿ ಉಗುರಿನ ಸಂದಿಯಲ್ಲಿ ಬಣ್ಣ ನಿಂತಿದ್ದರಿಂದ ಅಕ್ಕನಿಗೆ ಆ ಹೆಸರು.

ಹೊಳೆ ಶುದ್ಧಿ ಯೋಜನೆಯ ಮೇಸ್ತ್ರಿ ಬಂದ. ದಂಡೆಗೆ ಗೋಡೆ ಏಳುತ್ತದೆ, ಇನ್ನು ಒಗೆಯುವುದೆಲ್ಲ ಹೊಸ ಶೆಡ್ಡಿನಲ್ಲಿ ಎಂದು ಹೇಳಿ, ಲೆಕ್ಕದ ಪ್ರಕಾರ ಅಲ್ಲಿ ಒಗೆಯುವ ತೊಟ್ಟಿ ಸಿಕ್ಕವರ ಹೆಸರು ಓದಿದ. ನೀಲಿಯಕ್ಕನ ಹೆಸರಿತ್ತು, ನಾದಿನಿಯದು ಇರಲಿಲ್ಲ. ಶೆಡ್ಡು ಮಧ್ಯಾಹ್ನಕ್ಕೇ ಮುಚ್ಚುತ್ತದಂತೆ. ನಾದಿನಿಗೆ ಬೇರೆ ಕಸುಬು ಬಾರದು.

“ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇರೆ! ಯಾವ ಕುರುಡ ಎಣಿಸಿದ್ನೋ ನಮ್ಮನ್ನ? ಅವನ ಕಣ್ಣಿಗೂ ಸೋಪು ಹಾಕಿ ತಿಕ್ಬೇಕು, ಅತ್ತಿಗೆ.”

ನೀಲಿಯಕ್ಕ ನಗಲಿಲ್ಲ.

ಆ ದಂಡೆಯಲ್ಲಿ ಒಗೆಯುವ ಕಲ್ಲು ಹದಿನಾಲ್ಕು. ಬೆಳಿಗ್ಗೆ ಕಲ್ಲಿನ ಒಡತಿ ಒಗೆಯುತ್ತಾಳೆ. ಊಟದ ನಂತರ ಅದೇ ಕಲ್ಲಿನ ಮೇಲೆ ಅವಳ ತಂಗಿಯೋ ನಾದಿನಿಯೋ ಸೊಸೆಯೋ. ಎಷ್ಟು ಜನ ಎಂದು ಕೇಳಿದರೆ ಮಾತ್ರ ಎಲ್ಲರೂ ಕಲ್ಲುಗಳನ್ನೇ ಎಣಿಸಿ ಹೇಳುವುದು ರೂಢಿ. ಎರಡನೇ ಹೊತ್ತಿನವರು ಕಲ್ಲಿನ ಲೆಕ್ಕದೊಳಗೇ ಬಂದರು ಎಂದು ಅರ್ಥ.

ಕೆಲವು ತಿಂಗಳ ಹಿಂದೆ ಯೋಜನೆಯವರು ಜನರ ಅಭಿಪ್ರಾಯ ಕೇಳಲು ಸಭೆ ಕರೆದದ್ದು ಬೆಳಿಗ್ಗೆಯ ಹೊತ್ತು. ಎರಡನೇ ಹೊತ್ತಿನವರು ಆಗ ಮನೆಮನೆಗೆ ಬಟ್ಟೆ ಮುಟ್ಟಿಸಲು ಹೋಗಿದ್ದರು. ಅಧಿಕಾರಿ ಮೇಡಂ ಕುರ್ಚಿ ಎಳೆದುಕೊಂಡು ನೀಲಿಯಕ್ಕನ ಎದುರಿಗೇ ಕೂತು, “ಈ ಗೋಡೆಯಿಂದ ಎಷ್ಟು ಜನರ ದುಡಿಮೆಗೆ ಪೆಟ್ಟು ಬೀಳುತ್ತೆ?” ಎಂದು ಕೇಳಿದ್ದರು. ಅಷ್ಟು ಮರ್ಯಾದೆಯಿಂದ ಅವಳನ್ನು ಯಾರೂ ಏನನ್ನೂ ಕೇಳಿದ್ದಿಲ್ಲ. ಎದ್ದು ನಿಂತು, ಹಿಂದಿನ ಸಾಲಿಗೂ ಕೇಳುವ ಹಾಗೆ ಲೆಕ್ಕ ಹೇಳಿದ್ದಳು.

ಮೇಸ್ತ್ರಿ ಬಂದುಹೋದ ಮರುದಿನ ಅತ್ತಿಗೆ ನಾದಿನಿ ಇಬ್ಬರೂ ಯೋಜನೆಯ ಕಚೇರಿಗೆ ಹೋದರು.

“ನನಗೂ ಬೇಜಾರಿದೆ,” ಎಂದರು ಮೇಡಂ. “ಆದ್ರೆ ನಿಮ್ಮವರನ್ನ ಕೇಳಿಯೇ ಬರೆದಿದ್ದು. ಲೆಕ್ಕ ಕೊಟ್ಟವರೇ ಬಂದು ತಪ್ಪಾಯ್ತು ಅಂದ್ರೆ ಮತ್ತೆ ಸಭೆ ಕರೀಬಹುದೇನೋ. ಇಲ್ಲಾಂದ್ರೆ ಸೋಮವಾರ ಗೋಡೆ ಕೆಲಸ ಶುರು.”

“ಕರೆಸಿ ಅವನನ್ನ.” ನಾದಿನಿ ಮೇಜಿಗೆ ಕೈಯೂರಿದಳು. “ಆ ಮಹಾನುಭಾವನ ಮುಖ ನಾನೂ ಒಂದ್ಸಲ ನೋಡ್ಬೇಕು.”

ಮೇಡಂ ನೀಲಿಯಕ್ಕನ ಕಡೆ ನೋಡಿ, ಎದುರಿಗಿದ್ದ ಕಡತ ಮುಚ್ಚಿದರು. ಅತ್ತಿಗೆ ನಾದಿನಿ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುವವರು ಎಂಬುದು ಅವರಿಗೂ ಗೊತ್ತಿತ್ತು.

“ನಾನೇ ಕಣೇ,” ಎಂದಳು ನೀಲಿಯಕ್ಕ. “ಕಲ್ಲು ಎಣಿಸ್ದೆ. ನಿನ್ನ ಎಣಿಸ್ಲಿಲ್ಲ.”

ನಾದಿನಿ ಮೇಜಿನಿಂದ ಕೈ ತೆಗೆದಳು.

“ಎಷ್ಟು ಅಂದೆ, ಅತ್ತಿಗೆ?”

“ಹದಿನಾಲ್ಕು.”